ಕ್ಲಬ್ಬಿನಲ್ಲಿ ನಮಗೂ ಒಂದು ಪಾಲು ಕೊಡಿ: ಬೆಂಗಳೂರು ಎಫ್‌ಸಿ ಮಾಲೀಕರಿಗೆ ಬಹಿರಂಗ ಪತ್ರ

ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಮಾಲೀಕರಿಗೆ, ಹಾಗೆಯೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಮತ್ತು ರಾಜ್ಯ ಕ್ರೀಡಾ ಇಲಾಖೆಯವರಿಗೆ,

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ಇದು ಬೈಯುವುದಕ್ಕೆ ಬರೆದ ಪತ್ರ ಅಲ್ಲ. ಕೋಚ್ ಬದಲಾಯಿಸಿ, ಒಳ್ಳೆ ಫಾರ್ವರ್ಡ್ ತಗೊಳ್ಳಿ ಎಂಬ ತಕರಾರೂ ಅಲ್ಲ. ಅದನ್ನೆಲ್ಲ ಮ್ಯಾಚ್ ಮುಗಿದ ಮೇಲೆ ಟೀ ಅಂಗಡಿ ಮುಂದೆ ನಿಂತು ನಾವೇ ಮಾಡಿಕೊಳ್ಳುತ್ತೇವೆ. ನಿಮ್ಮನ್ನು ಕೇಳಬೇಕಾಗಿರುವುದು ಬೇರೆ. ಕ್ಲಬ್ಬಿನಲ್ಲಿ ನಮಗೂ ಒಂದು ಸಣ್ಣ ಪಾಲು ಕೊಡಿ. ಪುಕ್ಕಟೆ ಬೇಡ, ದುಡ್ಡು ಕೊಟ್ಟೇ ತಗೊಳ್ಳುತ್ತೇವೆ. ವರ್ಷಕ್ಕೊಮ್ಮೆ ಲೆಕ್ಕ ತೋರಿಸಿ. ತೀರ್ಮಾನ ಆಗುವ ಕೋಣೆಯಲ್ಲಿ ಅಭಿಮಾನಿಗಳಿಗೂ ಒಂದು ಕುರ್ಚಿ ಹಾಕಿ.

ಈಗ ಯಾಕೆ ಕೇಳುತ್ತಿದ್ದೇನೆ ಅಂತ ನಿಮಗೆ ಗೊತ್ತು. 2025ರ ಆಗಸ್ಟ್ 4ರಂದು ನಿಮ್ಮಿಂದ ಒಂದು ಪ್ರಕಟಣೆ ಬಂತು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುತ್ತದೋ ಇಲ್ಲವೋ ತಿಳಿಯದು, ಹಾಗಾಗಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿದ್ದೇವೆ, ಎಷ್ಟು ದಿನ ಅಂತ ಹೇಳಲಾಗದು ಎಂದಿರಿ. ಕಿರಿಯರ ತಂಡಗಳಿಗೂ ಸಾಕರ್ ಶಾಲೆಗಳಿಗೂ ತೊಂದರೆ ಇಲ್ಲ ಎಂದು ಸೇರಿಸಿದಿರಿ. ಅದಕ್ಕೆ ನಾಲ್ಕು ತಿಂಗಳ ಹಿಂದೆಯಷ್ಟೇ, ಏಪ್ರಿಲ್ 12ರಂದು, ಇದೇ ತಂಡ ಕೋಲ್ಕತ್ತದಲ್ಲಿ ಲೀಗ್ ಫೈನಲ್ ಆಡಿತ್ತು. ಮೋಹನ್ ಬಗಾನ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ರಿಂದ ಸೋತಿತ್ತು. ಫೈನಲ್ ತನಕ ಹೋದ ತಂಡಕ್ಕೆ ಆಗಸ್ಟ್‌ನಲ್ಲಿ ಸಂಬಳವಿಲ್ಲ!

ತಪ್ಪು ನಿಮ್ಮೊಬ್ಬರದೇ ಅಲ್ಲ, ಅದು ನಮಗೂ ಗೊತ್ತಿದೆ. ಫೆಡರೇಷನ್ನು 2010ರಲ್ಲಿ 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ ಒಂದು ಒಪ್ಪಂದ ಮಾಡಿಕೊಂಡಿತು. ಲೀಗ್ ನಡೆಸುವುದು, ಟಿವಿ ಹಕ್ಕು ಮಾರುವುದು, ಜಾಹೀರಾತು ತರುವುದು ಎಲ್ಲ ಆ ಒಂದೇ ಕಂಪನಿಯ ಕೈಗೆ ಹೋಯಿತು. ಒಪ್ಪಂದ ಮುಗಿಯುವುದು 2025ರ ಡಿಸೆಂಬರ್‌ನಲ್ಲಿ ಎಂದು ಮೊದಲ ದಿನದಿಂದಲೇ ಕಾಗದದ ಮೇಲಿತ್ತು. ಹದಿನೈದು ವರ್ಷ ಟೈಮಿತ್ತು. ಆದರೂ ಕೊನೆಯ ವರ್ಷದವರೆಗೆ ಮುಂದೇನು ಅಂತ ಯಾರೂ ಗಟ್ಟಿಯಾಗಿ ಕೂತು ಮಾತಾಡಲಿಲ್ಲ. ಫೆಡರೇಷನ್ನಿನ ಸಂವಿಧಾನದ ವಿಚಾರ ಸುಪ್ರೀಂ ಕೋರ್ಟಿನಲ್ಲಿತ್ತು, ಹಾಗಾಗಿ ಮಾತುಕತೆಯೂ ನಿಂತಿತು. ಜುಲೈನಲ್ಲಿ ಲೀಗ್ ಕಂಪನಿ ಸೀಸನ್ನನ್ನೇ ತಡೆಹಿಡಿಯಿತು. ಆಮೇಲೆ ಟೆಂಡರ್ ಕರೆದರು. ಒಬ್ಬರೂ ಬರಲಿಲ್ಲ. ಬೇರೆ ಕ್ಲಬ್ಬುಗಳೂ ಸಂಬಳ ನಿಲ್ಲಿಸಿದವು. ಮುಂಬೈ ಸಿಟಿ ಕ್ಲಬ್ಬಿನಲ್ಲಿ ಪಾಲು ಹೊಂದಿದ್ದ ವಿದೇಶಿ ದೊಡ್ಡ ಕುಳಗಳು ಡಿಸೆಂಬರ್‌ನಲ್ಲಿ ಪಾಲು ಬಿಟ್ಟು ಹೊರಟರು. ಕೊನೆಗೆ ಕೇಂದ್ರ ಕ್ರೀಡಾ ಸಚಿವರು ಮಧ್ಯೆ ಬಂದು, 2026ರ ಫೆಬ್ರವರಿ 14ಕ್ಕೆ ಲೀಗ್ ಶುರು ಎಂದರು. 14 ತಂಡ, 91 ಮ್ಯಾಚ್. ಒಬ್ಬರಿಗೊಬ್ಬರು ಒಂದೇ ಸಲ ಆಡುವ ಮೊಟಕು ಲೀಗ್. ಹಸಿದವನಿಗೆ ಅರ್ಧ ಊಟ ಆದರೂ ಊಟವೇ, ಒಪ್ಪೋಣ. ಆದರೆ ಮುಂದಿನ ವರ್ಷ ಒಲೆ ಹತ್ತಿಸುವವರು ಯಾರು?

ಸಂಬಳ ನಿಲ್ಲುವುದು ಅಂದರೆ ಏನು ಅಂತ ನಾನು ಮನೆಯಲ್ಲೇ ನೋಡಿದ್ದೇನೆ. ನಮ್ಮಪ್ಪ ಈ ಊರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಯಾವ ಕಾರ್ಖಾನೆ ಅನ್ನುವುದು ಇಲ್ಲಿ ಬೇಡ. ಅಲ್ಲಿ ಸಂಬಳ ತಡವಾಗುತ್ತಿದ್ದ ಕಾಲವೊಂದಿತ್ತು. ಆಗ ಅಮ್ಮ ದಿನಸಿ ಅಂಗಡಿಗೆ ನನ್ನನ್ನು ಕಳಿಸುತ್ತಿದ್ದಳು, ತಾನು ಹೋಗುತ್ತಿರಲಿಲ್ಲ. ಉದ್ದನೆಯ ಕೆಂಪು ರಟ್ಟಿನ ಸಾಲದ ಪುಸ್ತಕ. ಶೆಟ್ಟರು ಅದನ್ನು ತೆಗೆದು, ಹಳೇ ಬಾಕಿಯ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿ, ಮಾತಾಡದೆ ಅಕ್ಕಿ ತೂಗುತ್ತಿದ್ದರು. ಸಕ್ಕರೆ ಅರ್ಧ ಕೆಜಿ ಬದಲು ಕಾಲು ಕೆಜಿ. ಬೇಳೆ ಕೇಳಿದರೆ ‘ನಾಳೆ ಬರುತ್ತೆ ಹೋಗಪ್ಪಾ’. ಮೂಟೆ ಅಲ್ಲೇ ಕಾಣುತ್ತಿತ್ತು.

ಹಾಗಾಗಿ ನಿಮ್ಮ ಪ್ರಕಟಣೆ ಓದಿದಾಗ ನನಗೆ ನೆನಪಾದದ್ದು ಕೋಟಿ ಎಣಿಸುವ ಸ್ಟಾರ್ ಆಟಗಾರರಲ್ಲ. ಅವರು ಹೇಗೋ ತಡೆದುಕೊಳ್ಳುತ್ತಾರೆ. ‘ಸಿಬ್ಬಂದಿ’ ಎಂಬ ಒಂದು ಮಾತಿನಲ್ಲಿ ಮುಗಿಸಿದಿರಲ್ಲ, ಅವರು. ಜೆರ್ಸಿ ತೊಳೆದು ನಂಬರ್ ಪ್ರಕಾರ ಜೋಡಿಸಿಡುವವರು. ಬೂಟಿನ ತಳದ ಮಣ್ಣು ಕೆರೆಯುವವರು. ಪ್ರಾಕ್ಟೀಸಿಗೆ ಮುಂಚೆ ಕೋನು, ನೆಟ್ಟು ಹೊತ್ತುಕೊಂಡು ಬರುವವರು. ಕಾಲು ಉಜ್ಜುವವರು. ಇವರಿಗೆಲ್ಲ ಬೇರೆ ಲೀಗಿನಿಂದ ಆಫರ್ ಬರುವುದಿಲ್ಲ. ಇನ್ನು ಮೇಲೆ ಎಂಥ ಕಷ್ಟ ಬಂದರೂ ಕೆಳಗಿನ ಸಂಬಳದವರದ್ದು ಕೊನೆಗೆ ನಿಲ್ಲಬೇಕು, ಮೊದಲಿಗೆ ಅಲ್ಲ. ಅದಕ್ಕೆ ಅಂತಲೇ ಆರು ತಿಂಗಳ ಸಂಬಳದಷ್ಟು ಹಣವನ್ನು ಬೇರೆ ಖಾತೆಯಲ್ಲಿಡಿ. ಒಬ್ಬ ವಿದೇಶಿ ಆಟಗಾರನನ್ನು ಕಡಿಮೆ ತಂದರೆ ಆಗುವ ಕೆಲಸ ಇದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನಮ್ಮ ದೇಶದ ಫುಟ್‌ಬಾಲಿಗೆ ಆ ಚಟ ಜಾಸ್ತಿ.

ನೀವು ಕೇಳಬಹುದು, ಬೆಂಗಳೂರು ಎಫ್‌ಸಿ ಹುಟ್ಟಿದ್ದೇ 2013ರಲ್ಲಿ, ಇವನ್ಯಾರು ಜೀವಮಾನದ ನಿಷ್ಠೆಯ ಮಾತಾಡಲು ಎಂದು. ನನ್ನ ನಿಷ್ಠೆ ಈ ಊರಿನ ಫುಟ್‌ಬಾಲಿಗೆ. ಅದು ನಿಮಗಿಂತ ಬಹಳ ಹಳೆಯದು. ನೀವು ಬಂದಾಗ ಇಲ್ಲಿ ಬರೀ ಕ್ರಿಕೆಟ್ ಇತ್ತು ಅಂತ ಯಾರಾದರೂ ನಿಮಗೆ ಹೇಳಿದ್ದರೆ ಅದು ಸುಳ್ಳು.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. ಅಲ್ಲಿಯವರೆಗೆ ಆ ಕಪ್ ಬ್ರಿಟಿಷ್ ಪಲ್ಟನ್ನುಗಳ ಮನೆ ಸೊತ್ತಾಗಿತ್ತು. ಮರುವರ್ಷವೂ ಇವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಬರಿಗಾಲಲ್ಲಿ ಆಡಿದ ಭಾರತ 2-1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ನಮ್ಮ ಮೈಸೂರು ಕಡೆಯ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಬೆಂಗಳೂರಿನವರು. ಆಮೇಲೆ ಈಸ್ಟ್ ಬೆಂಗಾಲಿಗೆ ಆಡಿ ಕಲ್ಕತ್ತದವರನ್ನು ಮರುಳು ಮಾಡಿದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದಾಗ ತಂಡದಲ್ಲಿ ಕೆಂಪಯ್ಯ ಇದ್ದರು. ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಎತ್ತಿತ್ತು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಇವತ್ತಿಗೂ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ, ದಾರಿ ಯಾವ ಆಟೋದವರಾದರೂ ಹೇಳುತ್ತಾರೆ.

ನಾನು ಬೆಳೆದದ್ದು ಕಾರ್ಖಾನೆ ತಂಡಗಳ ಕಾಲದಲ್ಲಿ. ಟೆಲಿಫೋನ್ ಕಾರ್ಖಾನೆಯ ಐಟಿಐ, ಎಚ್‌ಎಎಲ್, ಬಿಇಎಲ್, ಎಲ್‌ಆರ್‌ಡಿಇ, ಮಿಲಿಟರಿಯವರ ಎಂಇಜಿ. ಹುಡುಗರು ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಹಾಜರಿ ಹಾಕುತ್ತಿದ್ದರು, ಮಧ್ಯಾಹ್ನ ಮೇಲೆ ಪ್ರಾಕ್ಟೀಸ್‌ಗೆ ಬಿಡುತ್ತಿದ್ದರು. ಸಂಜೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಲೀಗ್ ಮ್ಯಾಚು. ಕಲ್ಲಿನ ಮೆಟ್ಟಿಲ ಮೇಲೆ ಪೇಪರ್ ಹಾಸಿ ಕೂತರೆ, ಆಸ್ಟಿನ್ ಟೌನಿನ ಮುದುಕರೊಬ್ಬರು ತಮಿಳು, ದಖನಿ, ಕನ್ನಡ ಮೂರನ್ನೂ ಬೆರೆಸಿ ರೆಫರಿಯ ಮೂರು ತಲೆಮಾರನ್ನು ನೆನೆಯುತ್ತಿದ್ದರು. ಅವತ್ತು ಆ ಗ್ಯಾಲರಿಯಲ್ಲಿ ಕೂತು ಕಲಿತಷ್ಟು ಫುಟ್‌ಬಾಲನ್ನು ನಾನು ಆಮೇಲೆ ಟಿವಿಯಲ್ಲಿ ಕಲಿತಿಲ್ಲ. (ಬೈಗುಳವನ್ನೂ ಅಲ್ಲೇ ಕಲಿತೆ.) ದೇಶದ ಮೊಟ್ಟಮೊದಲ ಫೆಡರೇಷನ್ ಕಪ್, 1977ರದ್ದು, ಗೆದ್ದದ್ದು ಯಾರು ಗೊತ್ತಾ? ಕೋಲ್ಕತ್ತದವರಲ್ಲ, ಗೋವಾದವರಲ್ಲ. ನಮ್ಮ ಐಟಿಐ. ಫೈನಲ್ಲಿನಲ್ಲಿ ಮೋಹನ್ ಬಗಾನನ್ನೇ 1-0ಯಿಂದ ಸೋಲಿಸಿತ್ತು.

ಆ ತಂಡಗಳು ಏನಾದವು? ಯಾವುದನ್ನೂ ಜನ ಕೈಬಿಡಲಿಲ್ಲ. ಕಾರ್ಖಾನೆಗಳಿಗೆ ಹೊಸ ಕಾಲದಲ್ಲಿ ನಷ್ಟವಾಯಿತು, ಕ್ರೀಡಾ ಕೋಟಾದ ನೇಮಕಾತಿ ಕಡಿಮೆಯಾಯಿತು. ಹೊಸ ಹುಡುಗರಿಲ್ಲದೆ ತಂಡ ಮುದಿಯಾಯಿತು. ಕ್ಲಬ್ ಅಂದರೆ ಸ್ವಂತ ಕಂಪನಿಯಾಗಿರಬೇಕು, ಅಕಾಡೆಮಿ ಇರಬೇಕು ಎಂಬ ಏಷ್ಯಾ ಮಟ್ಟದ ನಿಯಮಗಳು ಬಂದವು, ಸರ್ಕಾರಿ ಕಾರ್ಖಾನೆಯ ಒಂದು ತಂಡ ಅದನ್ನೆಲ್ಲ ಎಲ್ಲಿಂದ ತರುತ್ತದೆ? ಎಚ್‌ಎಎಲ್ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ 2011-12ರಲ್ಲಿ ಕೊನೆಯ ಸ್ಥಾನಕ್ಕೆ ಇಳಿದು ಹೊರಬಿತ್ತು. ಅಲ್ಲಿಗೆ ದೊಡ್ಡ ಲೀಗ್‌ನಲ್ಲಿ ಬೆಂಗಳೂರಿನ ಹೆಸರೇ ಇಲ್ಲದಂತಾಯಿತು. ಒಂದೇ ಮಾಲೀಕ, ಒಂದೇ ಕಿಸೆ. ಆ ಕಿಸೆ ಬರಿದಾದ ದಿನ ತಂಡವೂ ಮುಗಿಯಿತು. ಊರಿಗೆ ಅದರ ಮೇಲೆ ಪ್ರೀತಿ ಇತ್ತು, ಹಕ್ಕು ಇರಲಿಲ್ಲ.

ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ಪಂಜಾಬಿನ ಜೆಸಿಟಿ 2011ರಲ್ಲಿ. ಎರಡೂ ರಾಷ್ಟ್ರೀಯ ಲೀಗ್ ಗೆದ್ದ ತಂಡಗಳು. ಎರಡನ್ನೂ ಮುಚ್ಚಲು ಒಂದೊಂದು ಪ್ರಕಟಣೆ ಸಾಕಾಯಿತು.

ನೀವು ಬಂದದ್ದು ಇಂಥ ಹೊತ್ತಿನಲ್ಲಿ. ಅದಕ್ಕೆ ನಾವು ಋಣಿಗಳು, ಇದನ್ನು ಬಾಯಿ ಮಾತಿಗೆ ಹೇಳುತ್ತಿಲ್ಲ. ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಗೋವಾಕ್ಕೆ ಹೋಗಿ ಡೆಂಪೊವನ್ನು 4-2ರಿಂದ ಹೊಡೆದು ಐ-ಲೀಗ್ ಗೆದ್ದಿರಿ. 2016ರಲ್ಲಿ ಮತ್ತೆ ಗೆದ್ದಿರಿ. ಎರಡು ಫೆಡರೇಷನ್ ಕಪ್, ಸೂಪರ್ ಕಪ್, 2019ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್. ಗೆದ್ದದ್ದಕ್ಕಿಂತ ಹೆಚ್ಚಾಗಿ ನೀವು ಶಿಸ್ತು ತಂದಿರಿ. ಸರಿಯಾದ ಟ್ರೇನಿಂಗ್, ಸರಿಯಾದ ಊಟ, ಟೈಮಿಗೆ ಸಂಬಳ. ‘ಇವರ ಹತ್ತಿರ ಕಲೀರಿ’ ಅಂತ ಬೇರೆ ಕ್ಲಬ್ಬಿನವರಿಗೆ ಹೇಳುತ್ತಿದ್ದ ಕಾಲ ಅದು. ಆಗಸ್ಟ್‌ನ ಪ್ರಕಟಣೆ ಅಷ್ಟು ಚುಚ್ಚಿದ್ದು ಅದಕ್ಕೇ.

2016ರ ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ ನಾನಿದ್ದೆ. ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್. ಮೊದಲ ಗೋಲು ಅವರೇ ಹೊಡೆದರು. ಸ್ಟೇಡಿಯಂ ಒಂದು ನಿಮಿಷ ಸತ್ತಂತಾಯಿತು. ಆಮೇಲೆ ಕಟ್ಟಾ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕಿನಿಂದ ಒಂದೇ ಒಂದು ಡ್ರಮ್ಮು ಶುರುವಾಯಿತು. ಅದಕ್ಕೆ ಇನ್ನೊಂದು ಸೇರಿತು. ನಮ್ಮ ನಾಯಕ ಛೆಟ್ರಿ ಎರಡು ಗೋಲು, ಹುವಾನನ್ ಒಂದು. 3-1. ನನ್ನ ಮುಂದಿನ ಸಾಲಿನಲ್ಲಿ ಆಫೀಸಿನಿಂದ ನೇರ ಬಂದ ಹುಡುಗನೊಬ್ಬ ಕುತ್ತಿಗೆಯಲ್ಲಿ ಐಡಿ ಕಾರ್ಡ್ ನೇತಾಡುತ್ತಿರುವಾಗಲೇ ಪಕ್ಕದಲ್ಲಿದ್ದ ಪೊಲೀಸ್ ಪೇದೆಯನ್ನು ತಬ್ಬಿಕೊಂಡ. ಪೇದೆಯೂ ತಬ್ಬಿಕೊಂಡರು, ಆಮೇಲೆ ಟೋಪಿ ಸರಿ ಮಾಡಿಕೊಂಡು ಮುಖ ಗಂಟು ಹಾಕಿ ನಿಂತರು. ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತೆವು, ಇರಲಿ.

ಆ ರಾತ್ರಿಯ ಬೆಲೆಯನ್ನು ನಿಮ್ಮ ಲೆಕ್ಕಪತ್ರದಲ್ಲಿ ಯಾವ ಸಾಲಿನಲ್ಲಿ ಬರೆದುಕೊಂಡಿದ್ದೀರಿ? ನಷ್ಟದ ಸಾಲು ನಮಗೆ ಗೊತ್ತು. ಲೀಗಿಗೆ ಕಟ್ಟುವ ಶುಲ್ಕ, ಸಂಬಳ, ವಿಮಾನ, ಹೋಟೆಲ್ಲು, ಸ್ಟೇಡಿಯಂ ಬಾಡಿಗೆ ಒಂದು ಕಡೆ. ಟಿಕೆಟ್, ಜೆರ್ಸಿ ಮಾರಾಟ, ಸ್ಪಾನ್ಸರ್ ಇನ್ನೊಂದು ಕಡೆ. ಎರಡೂ ತೂಗುವುದಿಲ್ಲ. ನಿಮ್ಮ ಕಂಪನಿ ಉಕ್ಕು ಮಾರಿ ಗಳಿಸಿದ ಹಣದಲ್ಲಿ ಫುಟ್‌ಬಾಲಿನ ಹಳ್ಳ ತುಂಬಿಸುತ್ತಾ ಬಂದಿದ್ದೀರಿ. ಒಂದಲ್ಲ ಒಂದು ದಿನ ನಿಮ್ಮ ಮನೆಯ ಮುಂದಿನ ತಲೆಮಾರು, ಇಲ್ಲಾ ನಿಮ್ಮ ಷೇರುದಾರರು, ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಆ ದಿನಕ್ಕೆ ಈಗಲೇ ಏನಾದರೂ ವ್ಯವಸ್ಥೆ ಬೇಡ್ವಾ?

ಹೈದರಾಬಾದಿನವರನ್ನು ನೋಡಿ. 2022ರಲ್ಲಿ ಐಎಸ್‌ಎಲ್ ಗೆದ್ದರು. ಎರಡೇ ವರ್ಷದಲ್ಲಿ ಸಂಬಳ ಬಾಕಿ, ಆಟಗಾರರ ವಲಸೆ, ಕೊನೆಯ ಸ್ಥಾನ. 2025ರಲ್ಲಿ ಆ ತಂಡವನ್ನೇ ಎತ್ತಿಕೊಂಡು ಹೋಗಿ ದೆಹಲಿಯಲ್ಲಿಟ್ಟು ಬೇರೆ ಹೆಸರು ಕೊಟ್ಟರು. ದೆಹಲಿಯಿಂದ 2019ರಲ್ಲಿ ಇನ್ನೊಂದು ತಂಡ ಎದ್ದು ಒಡಿಶಾಕ್ಕೆ ಹೋಗಿತ್ತು, ಅದರ ಖಾಲಿ ಜಾಗಕ್ಕೆ ಇದು. ಹೈದರಾಬಾದಿನ ಗ್ಯಾಲರಿಯಲ್ಲಿ ಹಳದಿ ಬಾವುಟ ಬೀಸಿದ ಹುಡುಗನನ್ನು ಯಾರಾದರೂ ಒಂದು ಮಾತು ಕೇಳಿದರಾ? ಮಾಲೀಕರು ಮಾರಬೇಕಾದರೆ ಮಾರಲಿ, ಅದು ಅವರ ಹಕ್ಕು. ಊರು ಬದಲಾಯಿಸುವುದು ಅವರ ಹಕ್ಕಾಗಬಾರದು.

ಅಭಿಮಾನಿಗಳ ಕೈಗೆ ಕೊಟ್ಟರೆ ಕ್ಲಬ್ಬು ಹಾಳಾಗುತ್ತದೆ ಅಂತ ಹೇಳುವವರಿದ್ದಾರೆ. ಅವರಿಗೆ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕಥೆ ಹೇಳಬೇಕು. ಬಂದರಿನ ಊರು, ನೌಕಾಪಡೆಯ ಊರು. 1949, 1950ರಲ್ಲಿ ಎರಡು ಸಲ ದೇಶದ ಚಾಂಪಿಯನ್ ಆದ ಹಳೇ ಕ್ಲಬ್. 2008ರಲ್ಲಿ ಸಾಲ ಮಾಡಿ ತುಪ್ಪ ತಿಂದು, ದುಬಾರಿ ಆಟಗಾರರನ್ನು ಕಟ್ಟಿಕೊಂಡು, ಎಫ್‌ಎ ಕಪ್ ಗೆದ್ದರು. ಎರಡೇ ವರ್ಷಕ್ಕೆ ದಿವಾಳಿ. 2010ರ ಫೆಬ್ರವರಿಯಲ್ಲಿ ಕ್ಲಬ್ಬು ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಒಂಬತ್ತು ಅಂಕ ಕಡಿತ, ಪ್ರೀಮಿಯರ್ ಲೀಗಿನಿಂದ ಹೊರಗೆ. ಬಾಕಿದಾರರ ಪಟ್ಟಿ ಹೊರಬಂದಾಗ ತೆರಿಗೆ ಇಲಾಖೆಯ ಜೊತೆಗೆ ಇನ್ನೊಂದು ಹೆಸರೂ ಇತ್ತು. ಮ್ಯಾಚಿನ ದಿನ ಮೈದಾನದ ಅಂಚಿನಲ್ಲಿ ನಿಂತು ಬಿದ್ದವರಿಗೆ ಪ್ರಥಮ ಚಿಕಿತ್ಸೆ ಮಾಡುವ ಸೇಂಟ್ ಜಾನ್ ಆ್ಯಂಬುಲೆನ್ಸ್ ಸ್ವಯಂಸೇವಕರದ್ದು! ಆಟಗಾರರಿಗೆ ವಾರಕ್ಕೆ ಸಾವಿರಾರು ಪೌಂಡು ಕೊಟ್ಟ ಕ್ಲಬ್ಬಿಗೆ ಅವರ ಪುಡಿಗಾಸು ಕೊಡಲಾಗಿರಲಿಲ್ಲ.

ಮಾಲೀಕರು ಬದಲಾದರು, ಮತ್ತೆ ಬದಲಾದರು. 2012ರಲ್ಲಿ ಎರಡನೇ ಸಲ ದಿವಾಳಿ. 2013ಕ್ಕೆ ನಾಲ್ಕನೇ ದರ್ಜೆಯ ಲೀಗಿಗೆ ಬಿದ್ದರು. ಆಗ ಅಭಿಮಾನಿಗಳು ಟ್ರಸ್ಟ್ ಕಟ್ಟಿ, ಒಬ್ಬೊಬ್ಬರು ಸಾವಿರ ಪೌಂಡಿನ ಷೇರು ತಗೊಂಡು, ಏಪ್ರಿಲ್‌ನಲ್ಲಿ ಕ್ಲಬ್ಬನ್ನೇ ಕೊಂಡರು. ಒಬ್ಬರಿಗೆ ಆಗದಿದ್ದರೆ ಕೆಲವರು ಸೇರಿ ಒಂದು ಷೇರು. ಸಾವಿರಾರು ಜನ ಸಣ್ಣ ಜನರೇ. ಮರುವರ್ಷವೇ ಹಳೇ ಸಾಲ ತೀರಿಸಿದರು. 2017ರಲ್ಲಿ ಆ ದರ್ಜೆಯ ಚಾಂಪಿಯನ್ ಆಗಿ ಮೇಲೆ ಬಂದರು. ಅದಾದ ಮೇಲೆ ದೊಡ್ಡ ಬಂಡವಾಳ ಬೇಕು ಅನ್ನಿಸಿತು. ಡಿಸ್ನಿ ಕಂಪನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಬಂದರು. ಮಾರಬೇಕೋ ಬೇಡವೋ ಅಂತ ಷೇರುದಾರರೇ ಮತ ಹಾಕಿದರು, ಹೂಂ ಅಂದರು, ಮಾರಿದರು. ಮಾರುವಾಗಲೂ ಹೆಸರು, ಬಣ್ಣ, ಲಾಂಛನದಂಥ ವಿಷಯಗಳಲ್ಲಿ ಮಾತಾಡಲು ಒಂದು ಮಂಡಳಿಯಲ್ಲಿ ಜಾಗ ಉಳಿಸಿಕೊಂಡರು. 2024ರಲ್ಲಿ ಮೂರನೇ ದರ್ಜೆಯನ್ನೂ ಗೆದ್ದು ಇನ್ನೊಂದು ಮೆಟ್ಟಿಲು ಹತ್ತಿದ್ದಾರೆ. ನಾನು ಇದನ್ನು ಓದಿ ತಿಳಿದದ್ದಷ್ಟೇ, ಆ ಊರು ನೋಡಿಲ್ಲ. ಆದರೆ ಮಾಲೀಕನೂ ಅಭಿಮಾನಿಯೂ ಒಂದೇ ಮೇಜಿಗೆ ಕೂರಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಅಂದಹಾಗೆ, 2008ರ ಆ ಫೈನಲ್ಲಿನಲ್ಲಿ ಸೋತದ್ದು ಕಾರ್ಡಿಫ್. ಅವರದ್ದು ನಮ್ಮ ಹಾಗೆ ನೀಲಿ. 2012ರಲ್ಲಿ ಮಾಲೀಕರು ಕೆಂಪು ಬಣ್ಣ ಅದೃಷ್ಟ ಅಂತ ಜೆರ್ಸಿಯನ್ನೇ ಕೆಂಪು ಮಾಡಿಬಿಟ್ಟರು. ಜನ ಸುಮ್ಮನಿರಲಿಲ್ಲ, 2015ಕ್ಕೆ ನೀಲಿ ವಾಪಸ್ ಬಂತು.

ಇಷ್ಟು ದೂರ ಹೋಗುವುದೂ ಬೇಡ. ಕೋಲ್ಕತ್ತದಲ್ಲಿ ಮೋಹನ್ ಬಗಾನಿನ ಹೆಸರಿನ ಮುಂದೆ ಅದರ ಜೊತೆ ಸೇರಿಸಿದ ಇನ್ನೊಂದು ತಂಡದ ಹೆಸರು ‘ಎಟಿಕೆ’ ಅಂಟಿಸಿದಾಗ ಅಲ್ಲಿನ ಜನ ಮೂರು ವರ್ಷ ಬೀದಿಯಲ್ಲಿ, ಗ್ಯಾಲರಿಯಲ್ಲಿ ಕೂಗಿದರು. 2023ರಲ್ಲಿ ಮಾಲೀಕರು ಅದನ್ನು ತೆಗೆದರು. ಅಲ್ಲಿ ಕ್ಲಬ್ಬಿಗೆ ಸದಸ್ಯರಿದ್ದಾರೆ, ಚಂದಾ ಇದೆ, ಚುನಾವಣೆ ಇದೆ. ಗಲಾಟೆಯೂ ಇದೆ, ಇಲ್ಲ ಅನ್ನಲ್ಲ. ಆದರೆ ಕೂಗಿದ್ದನ್ನು ಕೇಳಿಸಿಕೊಳ್ಳಲೇಬೇಕಾದ ಒಂದು ಜಾಗ ಇದೆ. ನಮಗೆ ಅದಿಲ್ಲ. ನಮಗಿರುವುದು ಸೀಸನ್ ಟಿಕೆಟ್ಟು, ಅದೂ ಸೀಸನ್ ಇದ್ದರೆ.

ಹಾಗಾದರೆ ನಾನು ಕೇಳುತ್ತಿರುವುದು ಎಷ್ಟು? ಜಾಸ್ತಿ ಏನಿಲ್ಲ. ನೂರಕ್ಕೆ ಐದರಷ್ಟು ಪಾಲನ್ನು ಅಭಿಮಾನಿಗಳ ಒಂದು ಸಹಕಾರ ಸಂಘಕ್ಕೆ ಮಾರಿ. ಸಹಕಾರ ಸಂಘ ಅಂದರೆ ಕರ್ನಾಟಕದವರಿಗೆ ಹೊಸದಲ್ಲ, ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಶುರು ಮಾಡಿದವರು ನಾವು. ಹಾಲಿಗೆ, ಅಡಿಕೆಗೆ, ಸಾಲಕ್ಕೆ ಸಂಘ ಕಟ್ಟಿದವರಿಗೆ ಫುಟ್‌ಬಾಲಿಗೆ ಕಟ್ಟಲು ಬರುವುದಿಲ್ಲವೇ? ಒಬ್ಬರಿಗೆ ಎಷ್ಟೇ ಷೇರಿದ್ದರೂ ಒಂದೇ ಮತ. ಷೇರಿನ ಬೆಲೆ ಆಟೋ ಓಡಿಸುವವರಿಗೂ ಕೈಗೆಟುಕಬೇಕು, ಕಂತಿನಲ್ಲಿ ಕಟ್ಟಲು ಬಿಡಬೇಕು. ಆ ಐದರ ಜೊತೆಗೆ ಒಂದು ವಿಶೇಷ ಹಕ್ಕು ಬರಬೇಕು: ಕ್ಲಬ್ಬಿನ ಹೆಸರು, ನೀಲಿ ಬಣ್ಣ, ಲಾಂಛನ, ಬೆಂಗಳೂರೆಂಬ ಊರು, ಈ ನಾಲ್ಕನ್ನು ಸಂಘದ ಒಪ್ಪಿಗೆ ಇಲ್ಲದೆ ಯಾರೂ ಮುಟ್ಟುವ ಹಾಗಿಲ್ಲ. ಲಾಂಛನದಲ್ಲಿ ಗಂಡಭೇರುಂಡ ಕೂರಿಸಿಕೊಂಡಿದ್ದೀರಲ್ಲ, ಅದು ನೀವು ಹುಟ್ಟಿಸಿದ ಹಕ್ಕಿಯಲ್ಲ. ಈ ರಾಜ್ಯದ ಲಾಂಛನದಿಂದ ಬಂದದ್ದು.

ತಂಡ ಯಾರನ್ನು ಆಡಿಸಬೇಕು, ಕೋಚ್ ಯಾರು, ಇದರಲ್ಲೆಲ್ಲ ನಾವು ಮೂಗು ತೂರಿಸುವುದಿಲ್ಲ. ಅದು ಗೊತ್ತಿದ್ದವರ ಕೆಲಸ. ಕ್ಲಬ್ಬು ಗಂಡಾಂತರದಲ್ಲಿದ್ದರೆ ಮಾತ್ರ ಪತ್ರಿಕಾ ಪ್ರಕಟಣೆಗಿಂತ ಮೊದಲು ನಮಗೆ ಹೇಳಿ. ನಮ್ಮಲ್ಲಿ ಲೆಕ್ಕ ಪರಿಶೋಧಕರಿದ್ದಾರೆ, ವಕೀಲರಿದ್ದಾರೆ, ಸಾಫ್ಟ್‌ವೇರಿನವರು ಬೇಕಾದಷ್ಟಿದ್ದಾರೆ. ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ಸ್ವಂತ ಖರ್ಚಿನಲ್ಲಿ ಬಸ್ಸು ಹಿಡಿದು ಗೋವಾ, ಕೊಚ್ಚಿ, ಚೆನ್ನೈ ಸುತ್ತಿದವರು. ಅಂಥವರನ್ನು ಗಿರಾಕಿ ಅಂತ ಮಾತ್ರ ನೋಡುವುದು ದಡ್ಡತನ, ಕ್ಷಮಿಸಿ.

ಫೆಡರೇಷನ್ನಿನವರಿಗೆ ಉದ್ದ ಬರೆಯಲ್ಲ. ಮುಂದಿನ ಒಪ್ಪಂದ ಹದಿನೈದು ವರ್ಷಕ್ಕೆ ಒಬ್ಬರಿಗೇ ಬೇಡ. ಮುಗಿಯುವುದಕ್ಕೆ ಎರಡು ವರ್ಷ ಮುಂಚೆಯೇ ಹೊಸದರ ಮಾತು ಶುರುವಾಗಲಿ. ಕ್ಲಬ್ಬಿಗೆ ಲೈಸೆನ್ಸ್ ಕೊಡುವಾಗ ಸ್ಟೇಡಿಯಮ್ಮಿನ ಬಲ್ಬು ಎಷ್ಟು ಪ್ರಕಾಶವಾಗಿದೆ ಅಂತ ಅಳೆಯುತ್ತೀರಲ್ಲ, ಸಂಬಳಕ್ಕೆ ಕಾಸಿಟ್ಟಿದ್ದಾರಾ ಅಂತಲೂ ನೋಡಿ.

ರಾಜ್ಯ ಸರ್ಕಾರಕ್ಕೆ ಒಂದು ಮಾತು ಹೇಳಲೇಬೇಕು. ಕಂಠೀರವ ಓಟಗಾರರ ಮೈದಾನ. ಅಲ್ಲಿ ಫುಟ್‌ಬಾಲ್ ಆಡಿಸಿದರೆ ಅಥ್ಲೀಟುಗಳಿಗೆ ತೊಂದರೆ, ಈ ಜಗಳ ಕೋರ್ಟಿನವರೆಗೂ ಹೋಗಿತ್ತು. ಅಥ್ಲೀಟುಗಳ ಸಿಟ್ಟಿನಲ್ಲಿ ನ್ಯಾಯವಿದೆ. ನಮಗೂ ಟ್ರ್ಯಾಕಿನ ಆಚೆ ಕೂತು ದೂರದಿಂದ ಚೆಂಡು ಹುಡುಕುವುದು ಸಾಕಾಗಿದೆ. ಇಡೀ ದೇಶಕ್ಕೆ ಆಟಗಾರರನ್ನು ಕೊಟ್ಟ ಊರಿಗೆ ದೊಡ್ಡ ಮ್ಯಾಚ್ ನಡೆಸುವಂಥ ಒಂದು ಫುಟ್‌ಬಾಲ್ ಮೈದಾನ ಇಲ್ಲ. ಅಶೋಕನಗರದ ಸ್ಟೇಡಿಯಮ್ಮನ್ನು ದೊಡ್ಡದು ಮಾಡಿಕೊಡಿ. ಮೂರು ಕಡೆ ಹೊಸ ಗ್ಯಾಲರಿ, ಕೆಳಗೆ ಬಾಡಿಗೆ ಅಂಗಡಿ, ಎದುರಿಗೇ ಮಾಲ್ ಇರುವ ಜಾಗ. ಬಾಡಿಗೆಯಿಂದಲೇ ಅರ್ಧ ಖರ್ಚು ಹುಟ್ಟುತ್ತದೆ. ಬಾಡಿಗೆ ಹಣ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಿರಿಯರ ಲೀಗಿಗೆ ಹೋಗಲಿ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದ ಹುಡುಗರು ಆಕಾಶದಿಂದ ಇಳಿದವರಲ್ಲ, ಇಲ್ಲಿನ ಲೀಗ್‌ಗಳಲ್ಲಿ ಆಡಿದವರು. ಅವರ ಹೆಸರು ಎಷ್ಟು ಜನರಿಗೆ ಗೊತ್ತು?

ಮಾಲೀಕರೇ, ಮತ್ತೆ ನಿಮ್ಮ ಹತ್ತಿರ ಬರುತ್ತೇನೆ. ಆ ಹುಡುಗರಂಥವರು ನೀಲಿ ಜೆರ್ಸಿಯಲ್ಲಿ ಇನ್ನಷ್ಟು ಕಾಣಬೇಕು. ಖರ್ಚು ಕಡಿಮೆ ಮಾಡಲು ಇದಕ್ಕಿಂತ ಒಳ್ಳೆ ದಾರಿಯೂ ಇಲ್ಲ. ಗೌತಮಪುರದ ಹುಡುಗ ಹನ್ನೊಂದರ ತಂಡದಲ್ಲಿದ್ದರೆ ಅವನ ಬೀದಿಯೇ ಟಿಕೆಟ್ ತಗೊಂಡು ಬರುತ್ತದೆ. ಒಂದೆರಡು ವರ್ಷ ಸೋಲಬಹುದು. ಸೋತರೆ ನಾವು ಬೈಯುತ್ತೇವೆ, ಅದು ಬೇರೆ. ಬಿಟ್ಟು ಹೋಗುವುದಿಲ್ಲ. ಸುನಿಲ್ ಛೆಟ್ರಿ 2018ರಲ್ಲಿ ಕೈಮುಗಿದು, ಬೈಯಿರಿ ಪರವಾಗಿಲ್ಲ, ಸ್ಟೇಡಿಯಮ್ಮಿಗೆ ಬನ್ನಿ ಅಂತ ವೀಡಿಯೊದಲ್ಲಿ ಕೇಳಿಕೊಂಡಿದ್ದರಲ್ಲ, ಆ ಮಾತು ಇಡೀ ದೇಶಕ್ಕೆ ಬೇಕಿತ್ತೇನೋ. ವೆಸ್ಟ್ ಬ್ಲಾಕಿಗೆ ಬೇಕಿರಲಿಲ್ಲ.

ಈ ಪತ್ರಕ್ಕೆ ಉತ್ತರ ಬರೆದರೆ ಕನ್ನಡದಲ್ಲಿ ಬರೆಯಿರಿ, ಎಲ್ಲರೂ ಓದುತ್ತಾರೆ. ಇಲ್ಲದಿದ್ದರೆ ಒಂದು ಭಾನುವಾರ ಅಶೋಕನಗರದ ಸ್ಟೇಡಿಯಮ್ಮಿನಲ್ಲಿ ಸಭೆ ಕರೆಯಿರಿ. ಲೆಕ್ಕದ ಪುಸ್ತಕ ನೀವು ತನ್ನಿ, ಸಂಘದ ಅರ್ಜಿ ನಮೂನೆ ನಾವು ತರುತ್ತೇವೆ. ಮೊದಲ ಷೇರಿನ ದುಡ್ಡು ನಾನು ಅವತ್ತೇ ಕಟ್ಟುತ್ತೇನೆ, ರಸೀದಿ ಕೊಟ್ಟರೆ ಸಾಕು.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ